ಪ್ರಯೋಗಾಲಯದಿಂದ ಅಂಗಡಿಗೆ ಎಷ್ಟು ದೂರ?

ಹೋದ ವಾರ ರಾತ್ರಿ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಾ ಕೂತಿದ್ದೆ. ಫೋನು ಬಂತು. ತೀರ್ಥಹಳ್ಳಿ ಕಡೆಯ ಒಬ್ಬ ಯಜಮಾನರು. ಅಡಿಕೆ ಬೆಳೆಗಾರರು. ದನಿಯಲ್ಲಿ ಸ್ವಲ್ಪ ಸಂಕೋಚ, ಸ್ವಲ್ಪ ಗಾಬರಿ.

'ಸಾರ್, ನನ್ ಮಗಳು ಪಿಎಚ್‌ಡಿ ಮಾಡ್ತಾ ಇದಾಳೆ. ಎಲೆಚುಕ್ಕಿ ರೋಗದ ಮೇಲೆ. ಸೋಗೆ ಮೇಲೆ ಚುಕ್ಕಿ ಕಾಣೋಕೆ ಮುಂಚೆನೇ ರೋಗ ಬಂದಿದ್ಯೋ ಇಲ್ವೋ ಹೇಳೋ ಒಂದು ಕಾಗದದ ಪಟ್ಟಿ ಮಾಡಿದಾಳಂತೆ. ಈಗ ಅವಳ ಗೈಡು ಕಂಪನಿ ಶುರು ಮಾಡು ಅಂತಿದಾರೆ. ನಾನು ಲೆಕ್ಚರರ್ ಆಗ್ತಾಳೆ ಅಂತ ಓದಿಸಿದ್ದು. ಏನ್ ಮಾಡ್ಲಿ ಸಾರ್? ಕಂಪನಿ ಮಾಡು ಅನ್ಲಾ, ಕೆಲಸಕ್ಕೆ ಅರ್ಜಿ ಹಾಕು ಅನ್ಲಾ?'

ನಾನು ಏನು ಹೇಳಲಿ? ಟಿವಿಯಲ್ಲಿ ಕೂತವನಿಗೆ ಎಲ್ಲ ಗೊತ್ತಿರುತ್ತೆ ಅನ್ನೋದು ನಮ್ಮ ಜನರ ದೊಡ್ಡಗುಣ. ಒಂದು ವಾರ ಟೈಮ್ ಕೊಡಿ ಯಜಮಾನ್ರೇ ಅಂದೆ. ಇಡುವಾಗ ಅವರು ಇನ್ನೊಂದು ಮಾತು ಹೇಳಿದರು. 'ಮುಂದಿನ ತಿಂಗಳು ಯಾವುದೋ ಸೆಮಿನಾರ್ ಇದೆಯಂತೆ ಸಾರ್. ಅಲ್ಲಿ ಎಲ್ಲರ ಮುಂದೆ ಅದನ್ನ ಓದ್ತಾಳಂತೆ. ನಾನೂ ಹೋಗ್ತಿದೀನಿ.' ಆ ಸೆಮಿನಾರ್ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಅದಕ್ಕೆ ಬರ್ತೀನಿ.

ಈ ಒಂದು ವಾರ ನಾನು ಓದಿದ್ದು, ವಿಚಾರಿಸಿದ್ದು, ಯೋಚನೆ ಮಾಡಿದ್ದು ಇವತ್ತಿನ ಮಾತು. ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯನ್ನ ಕಂಪನಿ ಮಾಡೋದು ಅಂದರೇನು? ಸ್ಟಾರ್ಟಪ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕೋರಮಂಗಲದ ಕಾಫಿ ಶಾಪು, ಟೀ ಶರ್ಟ್ ಹಾಕಿದ ಹುಡುಗರು, ಹತ್ತು ನಿಮಿಷದಲ್ಲಿ ಮನೆಗೆ ಬರೋ ಕೊತ್ತಂಬರಿ ಸೊಪ್ಪು. ಅದಲ್ಲ ನಾನು ಹೇಳ್ತಿರೋದು. ಲ್ಯಾಬಿನಲ್ಲಿ ವರ್ಷಗಟ್ಟಲೆ ಕೂತು ಕಂಡುಹಿಡಿದ ಒಂದು ವಸ್ತು, ಅದು ಜನರ ಕೈಗೆ ಬರೋ ದಾರಿ.

ಆ ದಾರಿ ನೋಡಬೇಕು ಅಂದರೆ ದೂರ ಹೋಗಬೇಕಾಗಿಲ್ಲ. ನಿಮ್ಮ ಬಚ್ಚಲುಮನೆಗೆ ಹೋಗಿ. ಮೈಸೂರ್ ಸ್ಯಾಂಡಲ್ ಸೋಪ್ ಇದೆಯಾ?

2025ರಲ್ಲಿ ಆ ಸೋಪಿಗೆ ನಟಿ ತಮನ್ನಾ ಅವರನ್ನ 6 ಕೋಟಿ 20 ಲಕ್ಷ ರೂಪಾಯಿಗೆ ರಾಯಭಾರಿ ಮಾಡಿದಾಗ ಎಷ್ಟು ಗಲಾಟೆ ಆಯ್ತು! ಕನ್ನಡದ ನಟಿಯರು ಸಿಗಲಿಲ್ವಾ ಅಂತ ಚರ್ಚೆ ಮೇಲೆ ಚರ್ಚೆ. ನ್ಯೂಸ್ ಚಾನೆಲ್‌ನವರು ನಾವೂ ಹಿಂದೆ ಬೀಳಲಿಲ್ಲ ಬಿಡಿ. ಆದರೆ ಅಷ್ಟು ಹೊತ್ತು ಚರ್ಚೆ ಮಾಡಿದ ನಾವು ಯಾರೂ, ಈ ಗಂಧದೆಣ್ಣೆ ಮೊದಲು ಎಲ್ಲಿ ತಯಾರಾಯ್ತು ಅಂತ ಕೇಳಲಿಲ್ಲ.

1914. ಮೊದಲನೇ ಮಹಾಯುದ್ಧ ಶುರುವಾಯ್ತು. ಅಲ್ಲಿವರೆಗೂ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಹಡಗು ಹತ್ತಿ ಯುರೋಪಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವ ದೊಡ್ಡ ಕೆಲಸ ಜರ್ಮನಿಯಲ್ಲಿ. ಮರ ನಮ್ಮದು, ಎಣ್ಣೆ ಅವರದು, ಲಾಭವೂ ಅವರದು. ಯುದ್ಧ ಶುರುವಾಯ್ತು, ರಫ್ತು ನಿಂತಿತು, ಗಂಧದ ರಾಶಿ ಇಲ್ಲೇ ಬಿತ್ತು. ಆಗ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಕೈಗಾರಿಕಾ ಇಲಾಖೆಯ ನಿರ್ದೇಶಕ ಆಲ್‌ಫ್ರೆಡ್ ಚಾಟರ್ಟನ್. ಅವರು ಯಾರ ಹತ್ತಿರ ಹೋದರು? ನಮ್ಮ ಹಳೇ ಬೆಂಗಳೂರಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಗೆ. 1909ರಲ್ಲಿ ಹುಟ್ಟಿದ ಸಂಸ್ಥೆ. ಮೈಸೂರು ಅರಸರೇ 371 ಎಕರೆ ಜಾಗ ಕೊಟ್ಟು ಕಟ್ಟಿಸಿಕೊಂಡ ಸಂಸ್ಥೆ. ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ಸಡ್‌ಬರೋ ಮತ್ತು ವಾಟ್ಸನ್, ಪ್ರಯೋಗಾಲಯದಲ್ಲಿ ಗಂಧದ ಚಕ್ಕೆಯಿಂದ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರು. ಆಮೇಲೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿ ಸಾಬೂನು, ಸುಗಂಧದ ವಿದ್ಯೆ ಕಲಿಸಿಕೊಂಡು ಬಂದರು. ಸೋಪು ಬಂತು. ನೂರು ವರ್ಷ ದಾಟಿದರೂ ನಿಂತಿಲ್ಲ.

ಇದನ್ನ ಏನಂತ ಕರೀತೀರಿ? ಆ ಪದ ಆಗ ಹುಟ್ಟಿರಲಿಲ್ಲ ಅಷ್ಟೇ. ಸ್ಟಾರ್ಟಪ್ ಅಲ್ಲದೆ ಮತ್ತೇನು?

ಇಲ್ಲಿ ಒಂದು ವಿಷಯ ಗಮನಿಸಬೇಕು. ಎಣ್ಣೆ ಇಳಿಸೋದನ್ನ ಪ್ರೊಫೆಸರ್‌ಗಳು ತೋರಿಸಿದರು, ಸರಿ. ಆದರೆ ಅದರ ಪಕ್ಕದಲ್ಲೇ ಒಬ್ಬ ಗಿರಾಕಿ ನಿಂತಿದ್ದ. 'ನನಗೆ ಇದು ಬೇಕು, ಇವತ್ತೇ ಬೇಕು, ದುಡ್ಡು ನಾನು ಹಾಕ್ತೀನಿ' ಅಂದ ಗಿರಾಕಿ. ಆ ಗಿರಾಕಿ ಮೈಸೂರು ಸರ್ಕಾರ. ಗಂಧ ಅವರದೇ, ತಲೆನೋವು ಅವರದೇ.

ಇನ್ನು ಎಂಬತ್ತು ಚಿಲ್ಲರೆ ವರ್ಷ ಮುಂದೆ ಬನ್ನಿ. ಅದೇ ಟಾಟಾ ಇನ್‌ಸ್ಟಿಟ್ಯೂಟ್. ಕಂಪ್ಯೂಟರ್ ಸೈನ್ಸ್ ವಿಭಾಗ. ನಾಲ್ಕು ಜನ ಮೇಷ್ಟ್ರುಗಳು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಈ ನಾಲ್ವರು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಎರಡು ಕೆಲಸಕ್ಕೆ ಕೈ ಹಾಕಿದರು. ಅವೇ ತಲೆಗಳು, ಅದೇ ಊರು, ಅದೇ ವಿಭಾಗ. ಒಂದು ಮುಳುಗಿತು, ಒಂದು ದಡ ಸೇರಿತು. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ ಕಥೆ.

ಮೊದಲನೇದು ಸಿಂಪ್ಯೂಟರ್. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬಹುದು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಮೊಳಕೆಯೊಡೆದ ವಿಚಾರ. ಬಡವರಿಗೆ, ಓದು ಬರದವರಿಗೆ ಒಂದು ಕಂಪ್ಯೂಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕೀಬೋರ್ಡ್ ಇಲ್ಲ, ಪರದೆ ಮೇಲೆ ಮುಟ್ಟಿದರೆ ಸಾಕು. ಪರದೆ ಮೇಲಿದ್ದ ಅಕ್ಷರವನ್ನ ಓದಿ ಹೇಳುತ್ತಿತ್ತು, ಕನ್ನಡದಲ್ಲೂ! ಊರಿಗೊಂದು ಯಂತ್ರ ಇದ್ದರೆ ಸಾಕು, ಒಬ್ಬೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಆಯ್ತು. ಈ ನಾಲ್ವರ ಜೊತೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ತೋರಿಸಿದರು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಹೊಗಳಿತು. ದೇಶವಿದೇಶದ ಪತ್ರಕರ್ತರು ಬಂದರು.

ಮಾರೋದಕ್ಕೆ ಪ್ರೊಫೆಸರ್‌ಗಳು ಪಿಕೋಪೆಟಾ ಅಂತ ಕಂಪನಿ ಮಾಡಿದರು. ಯಂತ್ರ ತಯಾರಿಸಿಕೊಡಲು ನಮ್ಮ ಬಿಇಎಲ್ ಮುಂದೆ ಬಂತು. 2004ರಲ್ಲಿ ಅಮೀಡಾ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟರು. ಆ ಯಂತ್ರವನ್ನ ವಾಲಿಸಿದರೆ ಅದಕ್ಕೆ ಗೊತ್ತಾಗುತ್ತಿತ್ತು ಕಣ್ರೀ. ಇವತ್ತು ನಿಮ್ಮ ಮೊಬೈಲ್ ಅಡ್ಡ ಹಿಡಿದರೆ ಚಿತ್ರ ಅಡ್ಡ ತಿರುಗುತ್ತಲ್ಲ, ಅದಕ್ಕೆ ಬೇಕಾದ ಸಲಕರಣೆ 2004ರಲ್ಲೇ ಅದರ ಹೊಟ್ಟೆಯಲ್ಲಿತ್ತು. ಐಫೋನ್ ಬಂದಿದ್ದು 2007ರಲ್ಲಿ!

ಬೆಲೆ? ಸುಮಾರು 10 ಸಾವಿರದಿಂದ ಶುರು. ಬಣ್ಣದ ಪರದೆ ಬೇಕಂದರೆ ಅದರ ಡಬಲ್. ಯಾರಿಗೋಸ್ಕರ ಮಾಡಿದರೋ ಅವನಿಗೆ, ಆ ಹಳ್ಳಿಯ ಬಡವನಿಗೆ, ಆ ಕಾಲದ 10 ಸಾವಿರ ಅಂದರೆ ಒಂದು ಹಸು. ಹೀಗಾಗಿ ಅವನು ಕೊಳ್ಳೋ ಹಾಗಿರಲಿಲ್ಲ. ಕೊಳ್ಳಬೇಕಿದ್ದವರು ಯಾರು? ಪಂಚಾಯ್ತಿ, ಶಾಲೆ, ಬ್ಯಾಂಕು. ಅಂದರೆ ಸರ್ಕಾರ. ನಮ್ಮ ರಾಜ್ಯದಲ್ಲಿ ಭೂದಾಖಲೆ ಕೆಲಸಕ್ಕೆ ಒಂದಿಷ್ಟು ಬಳಸಿದರು, ಟ್ರಾಫಿಕ್ ಪೊಲೀಸರು ದಂಡದ ರಸೀದಿ ಕೊಡೋಕೆ ಒಂದಿಷ್ಟು ಬಳಸಿದರು. ಛತ್ತೀಸ್‌ಗಢದ ಶಾಲೆಗಳಲ್ಲಿ ಪ್ರಯೋಗ ಆಯ್ತು. ಎಲ್ಲಾ ಪ್ರಯೋಗ. ಎಲ್ಲಾ ಫೋಟೋ. ದೊಡ್ಡ ಆರ್ಡರ್ ಬರಲಿಲ್ಲ. 50 ಸಾವಿರ ಮಾರುವ ಗುರಿ ಇಟ್ಟುಕೊಂಡಿದ್ದ ಯಂತ್ರ 2005ರ ಹೊತ್ತಿಗೆ ಮಾರಾಟವಾಗಿದ್ದು ಅಂದಾಜು 4 ಸಾವಿರ.

ಅಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿ ಮೊಬೈಲ್ ತಗೊಂಡು ಹೋಗಿ ಅಂದರು. ಅಂಗಡಿ ಮುಂದೆ ಸಾಲು ನಿಂತಿತು. ಆ ಫೋನಿನಲ್ಲಿ ಕನ್ನಡ ಓದೋ ಯಂತ್ರವೂ ಇರಲಿಲ್ಲ, ಸ್ಮಾರ್ಟ್ ಕಾರ್ಡೂ ಇರಲಿಲ್ಲ. ಆದರೆ ದುಬೈನಲ್ಲಿದ್ದ ಮಗನ ಹತ್ತಿರ ಅಮ್ಮ ಮಾತಾಡಬಹುದಿತ್ತು. ಜನಕ್ಕೆ ಬೇಕಿದ್ದುದು ಅದು. ಪಿಕೋಪೆಟಾ ಕೊನೆಗೆ ಮುಂಬೈನ ಜಿಯೋಡೆಸಿಕ್ ಅನ್ನೋ ಕಂಪನಿಯ ಪಾಲಾಯಿತು.

ಈಗ ಎರಡನೇದು. 2000ದ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್, ಇಂಗ್ಲೆಂಡಿನ ಪ್ರಧಾನಿ ಬ್ಲೇರ್ ಒಟ್ಟಿಗೆ ಘೋಷಣೆ ಮಾಡಿದರು, ಮನುಷ್ಯನ ವಂಶವಾಹಿಯ ಕರಡು ನಕ್ಷೆ ಸಿದ್ಧವಾಗಿದೆ ಅಂತ. 300 ಕೋಟಿ ಅಕ್ಷರಗಳ ಪುಸ್ತಕ ಅದು. ಅದನ್ನ ಓದೋರು ಯಾರು? ಡಾಕ್ಟರ್ ಕೈಲಿ ಆಗಲ್ಲ. ಅಕ್ಷರಗಳ ರಾಶಿಯೊಳಗೆ ಬೇಕಾದ ಪದವನ್ನ ಥಟ್ಟಂತ ಹುಡುಕೋದು ಕಂಪ್ಯೂಟರ್ ಮೇಷ್ಟ್ರುಗಳ ವಿದ್ಯೆ. ಈ ನಾಲ್ವರು ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಅಂತ ಕಂಪನಿ ಶುರು ಮಾಡಿದರು. ಈಗದು ಸ್ಟ್ರ್ಯಾಂಡ್ ಲೈಫ್ ಸೈನ್ಸಸ್. ಐಐಎಸ್‌ಸಿ ಪ್ರಾಧ್ಯಾಪಕರು ನೌಕರಿಯಲ್ಲಿದ್ದುಕೊಂಡೇ ಹುಟ್ಟುಹಾಕಿದ ಮೊದಲ ಕಂಪನಿ. ಆಗ ಅದು ಸಣ್ಣ ವಿಷಯ ಆಗಿರಲಿಲ್ಲ. ಮೇಷ್ಟ್ರು ವ್ಯಾಪಾರ ಮಾಡೋದಾ ಅನ್ನೋ ಕಾಲ ಅದು.

ಇದಕ್ಕೆ ಯಾವ ಮಂತ್ರಿಯೂ ಟೇಪ್ ಕತ್ತರಿಸಿ ಊರೆಲ್ಲಾ ಡಂಗುರ ಹೊಡೆಯಲಿಲ್ಲ. ಬೀದಿಯಲ್ಲಿ ಹೋಗೋರಿಗೆ ಇವರು ಏನು ಮಾಡ್ತಾರೆ ಅಂತ ಅರ್ಥವೂ ಆಗುತ್ತಿರಲಿಲ್ಲ. ಆದರೆ ಇವರ ಮುಂದೆ ಗಿರಾಕಿ ಇದ್ದ. ಔಷಧ ಕಂಪನಿಗಳು, ಸಂಶೋಧನಾಲಯಗಳು. ಅವರ ಹತ್ತಿರ ಸಮಸ್ಯೆಯೂ ಇತ್ತು, ದುಡ್ಡೂ ಇತ್ತು. ಅಮೆರಿಕದ ಅಜಿಲೆಂಟ್ ಕಂಪನಿ ಜೀನ್‌ಸ್ಪ್ರಿಂಗ್ ಅಂತ ಒಂದು ಸಾಫ್ಟ್‌ವೇರ್ ಮಾರುತ್ತೆ. ಅದನ್ನ ಹೊಸದಾಗಿ ಕಟ್ಟಿಕೊಟ್ಟಿದ್ದು ಬೆಂಗಳೂರಿನ ಸ್ಟ್ರ್ಯಾಂಡ್. ಆಮೇಲೆ ಕ್ಯಾನ್ಸರ್ ರೋಗಿಗಳ ಜೀನ್ ಪರೀಕ್ಷೆಗೆ ಇಳಿದರು. 2021ರಲ್ಲಿ ಈ ಕಂಪನಿಯ ಸುಮಾರು 80 ಪರ್ಸೆಂಟ್ ಪಾಲನ್ನ 393 ಕೋಟಿ ರೂಪಾಯಿಗೆ ಕೊಂಡುಕೊಂಡರು. ಯಾರು ಗೊತ್ತಾ? ರಿಲಯನ್ಸ್. ಆ 501 ರೂಪಾಯಿಯ ರಿಲಯನ್ಸೇ.

ಸಿಂಪ್ಯೂಟರ್ ಮಾಡಿದವರು ದಡ್ಡರು, ಸ್ಟ್ರ್ಯಾಂಡ್ ಮಾಡಿದವರು ಬುದ್ಧಿವಂತರು ಅನ್ನೋ ಹಾಗಿಲ್ಲ. ಯಾಕಂದರೆ ಇಬ್ಬರೂ ಅವರೇ! ವಸ್ತು ಚೆನ್ನಾಗಿರಲಿಲ್ಲ ಅನ್ನೋ ಹಾಗೂ ಇಲ್ಲ. ನನ್ನ ಕೇಳಿದರೆ ಎರಡರಲ್ಲಿ ಹೆಚ್ಚು ಕನಸು ಇದ್ದಿದ್ದು ಸಿಂಪ್ಯೂಟರ್‌ನಲ್ಲೇ. ವ್ಯತ್ಯಾಸ ಇಷ್ಟೇ: ಮೊದಲನೇ ಬಿಲ್ಲಿಗೆ ದುಡ್ಡು ಕೊಡೋನು ಯಾರು? 1916ರ ಗಂಧದೆಣ್ಣೆಗೆ ಅವನಿದ್ದ. ಸ್ಟ್ರ್ಯಾಂಡ್‌ಗೆ ಅವನು ಸಾಗರದಾಚೆ ಸಿಕ್ಕ. ಸಿಂಪ್ಯೂಟರ್‌ಗೆ ಅವನು ವೇದಿಕೆ ಮೇಲೆ ಬಂದು, ಶಾಲು ಹೊದಿಸಿ, ಚಪ್ಪಾಳೆ ತಟ್ಟಿ, ಕಾರು ಹತ್ತಿ ಹೋದ.

ಕನ್ನಡ ಮಾತಾಡೋ ಯಂತ್ರವನ್ನ ಕನ್ನಡ ನಾಡಿನ ಸರ್ಕಾರವೇ ಸಾವಿರಗಟ್ಟಲೆ ಕೊಳ್ಳಲಿಲ್ಲ. ಇದನ್ನ ಹೇಳುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತೆ. ಯಾವ ಪಕ್ಷದ ಸರ್ಕಾರ ಅಂತ ಕೇಳಬೇಡಿ. ಆ ವರ್ಷಗಳಲ್ಲಿ ಬೆಂಗಳೂರಿನಲ್ಲೂ ದಿಲ್ಲಿಯಲ್ಲೂ ಸರ್ಕಾರ ಬದಲಾದವು, ಕೊಳ್ಳದೇ ಇರೋ ಅಭ್ಯಾಸ ಬದಲಾಗಲಿಲ್ಲ.

ಈಗ ಯಜಮಾನರ ಮಗಳ ಸೆಮಿನಾರ್ ವಿಷಯಕ್ಕೆ ಬರ್ತೀನಿ. ಇದು ತುರ್ತು. ಬೇರೆ ತಂದೆತಾಯಿಗಳೂ ಕೇಳಿಸಿಕೊಳ್ಳಿ.

ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೋಹೆನ್, ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬಾಯರ್. ಒಂದು ಜೀವಿಯ ಜೀನ್ ಕತ್ತರಿಸಿ ಇನ್ನೊಂದು ಜೀವಿಗೆ ಅಂಟಿಸೋ ವಿದ್ಯೆಯನ್ನ ಇವರು ಕಂಡುಹಿಡಿದರು. 1973ರ ನವೆಂಬರ್‌ನಲ್ಲಿ ಪ್ರಬಂಧ ಪ್ರಕಟಿಸಿಬಿಟ್ಟರು. ಪೇಟೆಂಟ್ ತಗೋಬೇಕು ಅನ್ನೋದು ಅವರ ತಲೆಯಲ್ಲೇ ಇರಲಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ ಪರವಾನಗಿ ವ್ಯವಹಾರ ನೋಡುತ್ತಿದ್ದ ನೀಲ್ಸ್ ರೈಮರ್ಸ್ ಅನ್ನೋ ಅಧಿಕಾರಿ ಈ ಸುದ್ದಿಯನ್ನ ಪೇಪರಿನಲ್ಲಿ ಓದಿ ಓಡೋಡಿ ಬಂದ. ಅಮೆರಿಕದ ಕಾನೂನಿನಲ್ಲಿ ಪ್ರಕಟಿಸಿದ ಮೇಲೂ ಒಂದು ವರ್ಷ ಅವಕಾಶ ಇದೆ. ಅರ್ಜಿ ಹಾಕಿದಾಗ ಆ ಒಂದು ವರ್ಷ ಮುಗಿಯೋಕೆ ಬಾಕಿ ಇದ್ದಿದ್ದು ಒಂದು ವಾರ! ಅಮೆರಿಕದಲ್ಲಿ ಬಚಾವಾದರು. ಹೊರದೇಶಗಳಲ್ಲಿ ಹಕ್ಕು ಹೋಯ್ತು, ಯಾಕಂದರೆ ಪ್ರಬಂಧ ಆಗಲೇ ಎಲ್ಲರ ಕೈಯಲ್ಲಿತ್ತು. ಹೊರಗಿನದು ಹೋದರೂ ಆ ಪೇಟೆಂಟ್‌ಗಳಿಂದ ಎರಡು ವಿಶ್ವವಿದ್ಯಾಲಯಗಳಿಗೆ ಬಂದಿದ್ದು ಸುಮಾರು 25 ಕೋಟಿ ಡಾಲರ್. ಹೋಗಿದ್ದು ಎಷ್ಟೋ ದೇವರೇ ಬಲ್ಲ.

ಹಾಗಾಗಿ ಯಜಮಾನ್ರೇ, ಮಗಳು ಸೆಮಿನಾರ್‌ನಲ್ಲಿ ಬಾಯಿ ಬಿಡೋಕೆ ಮುಂಚೆ ಪೇಟೆಂಟ್ ಕಚೇರಿಗೆ ತಾತ್ಕಾಲಿಕ ಅರ್ಜಿ ಹೋಗಿರಬೇಕು. ಅದಕ್ಕೆ ಎಲ್ಲಾ ವಿವರ ಪೂರ್ತಿ ಸಿದ್ಧವಾಗಿರಬೇಕಿಲ್ಲ. ಅದು ಹಾಕಿದ ಮೇಲೆ ಪೂರ್ಣ ವಿವರ ಕೊಡಲು 12 ತಿಂಗಳು ಸಮಯ ಇದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ 80 ಪರ್ಸೆಂಟ್ ರಿಯಾಯಿತಿಯೂ ಇದೆ. ವಿದ್ವಾಂಸರ ಸಭೆಯಲ್ಲಿ ಓದಿದ ಪ್ರಬಂಧಕ್ಕೆ ನಮ್ಮ ಕಾನೂನಿನಲ್ಲಿ ಒಂದಿಷ್ಟು ವಿನಾಯಿತಿ ಇದೆ, ನಿಜ. ಆದರೆ ಅದನ್ನ ನಂಬಿಕೊಂಡು ಕೂರಬೇಡಿ. ಯುರೋಪಿನಲ್ಲಿ ಆ ದಾಕ್ಷಿಣ್ಯವೂ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೇಷ್ಟ್ರಿಗೆ ಬಡ್ತಿ ಸಿಗೋದು ಪ್ರಬಂಧದ ಲೆಕ್ಕದಲ್ಲಿ, ಹಾಗಾಗಿ ಮೊದಲು ಪ್ರಕಟಿಸು, ಆಮೇಲೆ ನೋಡೋಣ ಅನ್ನೋ ಚಾಳಿ. ತಪ್ಪು ಹುಡುಗಿಯದಲ್ಲ.

ಮುಂದಿನ ಪ್ರಶ್ನೆ. ಆ ಪಟ್ಟಿ ಯಾರದು? ಮಗಳದಾ, ಗೈಡಿನದಾ, ವಿಶ್ವವಿದ್ಯಾಲಯದ್ದಾ?

ಅಮೆರಿಕ ಇದಕ್ಕೆ 1980ರಲ್ಲೇ ಕಾನೂನು ಮಾಡಿತು. ಬೇ-ಡೋಲ್ ಕಾಯ್ದೆ. ಸರ್ಕಾರದ ದುಡ್ಡಲ್ಲಿ ಸಂಶೋಧನೆ ನಡೆದರೂ ಹಕ್ಕನ್ನ ವಿಶ್ವವಿದ್ಯಾಲಯ ಇಟ್ಟುಕೊಳ್ಳಬಹುದು, ಅದನ್ನ ಕಂಪನಿಗೆ ಕೊಡಬಹುದು ಅಂತ. ನಾವೂ 2008ರಲ್ಲಿ ರಾಜ್ಯಸಭೆಯಲ್ಲಿ ಅಂಥದ್ದೇ ಮಸೂದೆ ಮಂಡಿಸಿದೆವು. ಅದು ಕಾನೂನಾಗಲೇ ಇಲ್ಲ, ಕೊನೆಗೆ ವಾಪಸ್ ಹೋಯ್ತು. ಈಗ ಇರೋದು 2019ರ ರಾಷ್ಟ್ರೀಯ ನಾವೀನ್ಯತೆ ಮತ್ತು ಸ್ಟಾರ್ಟಪ್ ನೀತಿ. ಅದು ಹೇಳೋದು ಇಷ್ಟು: ಸಂಸ್ಥೆಯ ಲ್ಯಾಬು, ಸಂಸ್ಥೆಯ ದುಡ್ಡು ಬಳಸಿ ಕಂಡುಹಿಡಿದಿದ್ದರೆ ಹಕ್ಕು ಸಂಸ್ಥೆ ಮತ್ತು ಸಂಶೋಧಕರಿಗೆ ಜಂಟಿಯಾಗಿ. ಸಂಸ್ಥೆ ಕೊಟ್ಟ ನೆರವಿಗೆ ತಕ್ಕಂತೆ ಕಂಪನಿಯಲ್ಲಿ 2ರಿಂದ 9.5 ಪರ್ಸೆಂಟ್‌ವರೆಗೆ ಪಾಲು ತಗೋಬಹುದು. ಆದರೆ ಇದು ಮಾರ್ಗಸೂಚಿ. ಯಾವ ವಿಶ್ವವಿದ್ಯಾಲಯ ಇದನ್ನ ಓದಿದೆ, ಯಾವುದರ ಅಲ್ಮೇರಾದಲ್ಲಿ ಧೂಳು ಹಿಡಿದಿದೆ ಅನ್ನೋದು ಆಯಾ ಕುಲಸಚಿವರ ಮೇಲೆ ಹೋಗುತ್ತೆ.

ಕೆಲವು ಕಡೆ ಏನಾಗುತ್ತೆ ಅಂದರೆ, ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಒಂದು ರೂಪಾಯಿ ವ್ಯಾಪಾರ ಆಗೋಕೆ ಮುಂಚೆ ಲಕ್ಷಗಟ್ಟಲೆ ಶುಲ್ಕ ಕೇಳ್ತಾರೆ. ಇದಕ್ಕೆ ಸ್ಟ್ಯಾನ್‌ಫರ್ಡ್ ಏನು ಮಾಡಿತು ನೋಡಿ. ಲ್ಯಾರಿ ಪೇಜ್, ಸರ್ಗೇ ಬ್ರಿನ್ ಅನ್ನೋ ಇಬ್ಬರು ಪಿಎಚ್‌ಡಿ ಹುಡುಗರು ಅಲ್ಲಿ ಕೂತು ಗೂಗಲ್ ಮಾಡಿದರು. ಅದರ ಮೂಲ ವಿದ್ಯೆಯ ಪೇಟೆಂಟ್ ಹುಡುಗರದಲ್ಲ, ವಿಶ್ವವಿದ್ಯಾಲಯದ್ದು. ಅದನ್ನ ಬಳಸೋ ಹಕ್ಕು ಕೊಟ್ಟಿದ್ದಕ್ಕೆ ಸ್ಟ್ಯಾನ್‌ಫರ್ಡ್ ಮುಖ್ಯವಾಗಿ ಪಡೆದಿದ್ದು ಷೇರು, ಸುಮಾರು 18 ಲಕ್ಷ. 2005ರ ಹೊತ್ತಿಗೆ ಅವನ್ನ ಮಾರಿ ಗಳಿಸಿದ್ದು 33 ಕೋಟಿ 60 ಲಕ್ಷ ಡಾಲರ್. ಹುಡುಗರು ಬೆಳೆದರೆ ನಾವೂ ಬೆಳೀತೀವಿ ಅನ್ನೋ ಲೆಕ್ಕ. ಯಜಮಾನರ ಮಗಳು ತನ್ನ ವಿಶ್ವವಿದ್ಯಾಲಯದಿಂದ ಇದನ್ನೇ ಕೇಳಬೇಕು: ಮುಂಗಡ ಕೇಳಬೇಡಿ, ಪಾಲು ತಗೊಳ್ಳಿ. ಬಾಯಿ ಮಾತಲ್ಲಿ ಅಲ್ಲ, ಬರವಣಿಗೆಯಲ್ಲಿ. ಗೈಡು ಎಷ್ಟೇ ದೇವರಂಥ ಮನುಷ್ಯ ಆಗಿರಲಿ, ಯಾರ ಪಾಲು ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರಬೇಕು. ಅಣ್ಣತಮ್ಮಂದಿರ ತೋಟದ ಪಾಲಿನ ಜಗಳ ನೋಡಿದವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಾ?

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ, ಯಾಕಂದರೆ ಶುರುವಿನ ದುಡ್ಡು ಈಗ ಮೊದಲಿನಷ್ಟು ಕಷ್ಟ ಅಲ್ಲ. ಕೇಂದ್ರದ ಬೈರಾಕ್ ಅನ್ನೋ ಸಂಸ್ಥೆ ಜೈವಿಕ ತಂತ್ರಜ್ಞಾನದ ಹೊಸ ವಿಚಾರಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತೆ, ಹದಿನೆಂಟು ತಿಂಗಳ ಅವಧಿಗೆ. ನಮ್ಮ ರಾಜ್ಯದ ಎಲಿವೇಟ್ ಯೋಜನೆಯಲ್ಲೂ 50 ಲಕ್ಷದವರೆಗೆ ಇದೆ. ಸಾಲ ಅಲ್ಲ, ಅನುದಾನ. ಪೈಪೋಟಿ ಜಾಸ್ತಿ, ಆದರೆ ತೋಟ ಅಡ ಇಡಬೇಕಾಗಿಲ್ಲ. ದಯವಿಟ್ಟು ತೋಟ ಅಡ ಇಡಬೇಡಿ.

ಸಿಗದೇ ಇರೋದು ದುಡ್ಡಲ್ಲ, ತಾಳ್ಮೆ. ಮದ್ರಾಸ್ ಐಐಟಿಯಲ್ಲಿ ಅಗ್ನಿಕುಲ್ ಅಂತ ರಾಕೆಟ್ ಕಂಪನಿ 2017ರಲ್ಲಿ ಹುಟ್ಟಿತು. ಅಲ್ಲಿನ ಪ್ರಾಧ್ಯಾಪಕ ಸತ್ಯನಾರಾಯಣನ್ ಚಕ್ರವರ್ತಿ ಕೂಡ ಅದರ ಸ್ಥಾಪಕರಲ್ಲೊಬ್ಬರು. ಅವರ ಮೊದಲ ಪರೀಕ್ಷಾ ರಾಕೆಟ್ ಶ್ರೀಹರಿಕೋಟಾದಿಂದ ಹಾರಿದ್ದು 2024ರ ಮೇ 30ರಂದು. ಅದಕ್ಕೂ ಮುಂಚೆ ನಾಲ್ಕು ಸಲ ಮುಂದೂಡಿದ್ದರು. ಏಳು ವರ್ಷ! ನಮ್ಮ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ. ಸಸಿ ನೆಟ್ಟು ಫಸಲು ಬರೋಕೆ ಎಷ್ಟು ವರ್ಷ ಕಾಯ್ತೀರಿ ನೀವು? ಹೂಡಿಕೆದಾರ ಮಾತ್ರ ಹದಿನೆಂಟು ತಿಂಗಳಿಗೆ ಗೊನೆ ತೋರಿಸು ಅಂತಾನೆ.

ಮತ್ತೆ ಗಿರಾಕಿಗೇ ಬರ್ತೀನಿ. ಆಗ ಹೇಳಿದ ಬಾಯರ್ ಇದ್ದಾರಲ್ಲ, ಅವರು 1976ರಲ್ಲಿ ರಾಬರ್ಟ್ ಸ್ವಾನ್ಸನ್ ಅನ್ನೋ ಯುವಕನ ಜೊತೆ ಜೆನೆನ್‌ಟೆಕ್ ಅಂತ ಕಂಪನಿ ಮಾಡಿದರು. ಬ್ಯಾಕ್ಟೀರಿಯಾದ ಕೈಲಿ ಮನುಷ್ಯನ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಆ ಇನ್ಸುಲಿನ್ ಮಾರಿದ್ದು ಜೆನೆನ್‌ಟೆಕ್ ಅಲ್ಲ, ಎಲೈ ಲಿಲ್ಲಿ ಅನ್ನೋ ಹಳೇ ಔಷಧ ಕಂಪನಿ. ಅವರು ಅಲ್ಲಿವರೆಗೂ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದು ಮಾರುತ್ತಿದ್ದವರು. ಹೊಸದು ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ವಿಜ್ಞಾನಿ ಕೈಚೀಲ ಹಿಡಿದು ಮನೆಮನೆಗೆ ಹೋಗಲಿಲ್ಲ.

ನಮ್ಮಲ್ಲಿ ಇವತ್ತು ತೋಟಗಾರಿಕೆ ಇಲಾಖೆಗೆ ಒಂದು ಹೊಸ ಕಂಪನಿ ಹೋಗಿ, ಸ್ವಾಮಿ ಈ ಪಟ್ಟಿ ತಗೊಳ್ಳಿ ಅಂದರೆ ಏನಾಗುತ್ತೆ? ಟೆಂಡರ್ ಅಂತಾರೆ. ಟೆಂಡರ್‌ನಲ್ಲಿ ಮೂರು ವರ್ಷದ ಅನುಭವ ಎಲ್ಲಿ, ಇಷ್ಟು ಕೋಟಿ ವಹಿವಾಟು ಎಲ್ಲಿ ಅಂತಾರೆ. ನಿನ್ನೆ ಹುಟ್ಟಿದ ಮಗುವಿಗೆ ಮೂರು ವರ್ಷದ ಅನುಭವ ಎಲ್ಲಿಂದ ತರೋದು? ಇಂಥ ಷರತ್ತನ್ನ ಸ್ಟಾರ್ಟಪ್‌ಗಳಿಗೆ ಸಡಿಲಿಸಬಹುದು ಅಂತ ಕೇಂದ್ರದ ನಿಯಮದಲ್ಲೇ ಇದೆ, 2017ರ ಸಾಮಾನ್ಯ ಹಣಕಾಸು ನಿಯಮಾವಳಿಯಲ್ಲಿ. ಸಡಿಲಿಸಬಹುದು ಅಂತ ಇದೆ, ಸಡಿಲಿಸಲೇಬೇಕು ಅಂತ ಇಲ್ಲ. ಆ ಒಂದು ಪದದ ಸಂದಿಯಲ್ಲಿ ಎಷ್ಟು ಜನರ ಪಿಎಚ್‌ಡಿ ಸಿಕ್ಕಿಹಾಕಿಕೊಂಡಿದೆಯೋ. ಅಧಿಕಾರಿಯನ್ನ ಬೈದು ಪ್ರಯೋಜನ ಇಲ್ಲ. ಹೊಸಬನಿಂದ ಕೊಂಡು ವಸ್ತು ಕೆಟ್ಟರೆ ಆಡಿಟ್ ಆಕ್ಷೇಪಣೆ ಬರೋದು ಅವನ ಹೆಸರಿಗೆ. ಕೊಳ್ಳದೇ ಕೂತರೆ ಯಾರೂ ಕೇಳಲ್ಲ. ವಿಶ್ವೇಶ್ವರಯ್ಯನವರು ಕೂತಿದ್ದ ಕುರ್ಚಿಗೂ ಇವತ್ತಿನ ಕುರ್ಚಿಗೂ ಇರೋ ವ್ಯತ್ಯಾಸ ಅಲ್ಲಿದೆ.

ಎಲೆಚುಕ್ಕಿಯ ವಿಷಯದಲ್ಲಿ ಇದು ತಮಾಷೆ ಅಲ್ಲ. ಮಲೆನಾಡಿನಲ್ಲಿ ತೋಟಕ್ಕೆ ತೋಟ ಒಣಗಿ ನಿಂತಿದ್ದನ್ನ ನೀವೂ ನೋಡಿದ್ದೀರಿ, ನಾವೂ ತೋರಿಸಿದ್ದೀವಿ. ಚುಕ್ಕಿ ಕಾಣೋ ಹೊತ್ತಿಗೆ ಅದು ಪಕ್ಕದ ತೋಟಕ್ಕೆ ಹಾರಿರುತ್ತೆ. ಆ ಹುಡುಗಿ ಮಾಡಿದ ಪಟ್ಟಿ ತೋಟದಲ್ಲಿ, ಮಳೆಯಲ್ಲಿ, ಒದ್ದೆ ಕೈಯಲ್ಲಿ ಕೆಲಸ ಮಾಡುತ್ತೋ ಇಲ್ಲವೋ ನನಗೆ ಹೇಳೋಕೆ ಬರಲ್ಲ. ಲ್ಯಾಬಿನಲ್ಲಿ ಮಾಡಿದೆ ಅಂತ ಅವರಪ್ಪ ಹೇಳಿದರು. ಲ್ಯಾಬಿನಲ್ಲಿ ಮಳೆ ಬರಲ್ಲ. ಒಂದು ಮಳೆಗಾಲ ಪೂರ್ತಿ ಹತ್ತಾರು ತೋಟಗಳಲ್ಲಿ ಇಟ್ಟು ನೋಡಬೇಕು. ಅದಕ್ಕೇ ಈ ನಾಡಿನಲ್ಲಿ ಒಬ್ಬ ಮೊದಲ ಗಿರಾಕಿ ಬೇಕಿರೋದು, ಕೆಡುತ್ತೆ ಅಂತ ಗೊತ್ತಿದ್ದೂ ತಗೊಂಡು, ಎಲ್ಲಿ ಕೆಟ್ಟಿತು ಅಂತ ಹೇಳೋ ಗಿರಾಕಿ.

ಇವತ್ತು ಸ್ಟುಡಿಯೋಗೆ ಬರೋಕೆ ಮುಂಚೆ ಯಜಮಾನರಿಗೆ ಫೋನ್ ಮಾಡಿದೆ. ಸೆಮಿನಾರ್‌ಗೆ ಮುಂಚೆ ಪೇಟೆಂಟ್ ಅರ್ಜಿ ಹಾಕಿಸಿ ಅಂದೆ. ಪಾಲಿನ ಕಾಗದ ಮಾಡಿಸಿ ಅಂದೆ. ಲೆಕ್ಚರರ್ ಅರ್ಜಿಯನ್ನೂ ಹಾಕಲಿ, ಎರಡಕ್ಕೂ ಜಗಳ ಇಲ್ಲ, ಆ ನಾಲ್ಕು ಜನ ಮೇಷ್ಟ್ರುಗಳು ಮೇಷ್ಟ್ರಾಗಿದ್ದೇ ಶುರು ಮಾಡಿದ್ದು ಅಂದೆ. ಅವರು ಎಲ್ಲ ಕೇಳಿಸಿಕೊಂಡರು.

'ಸಾರ್, ಸರ್ಕಾರ ಕೊಳ್ಳಲ್ಲ ಅಂತೀರಿ. ನಮ್ಮ ಅಡಿಕೆ ಸೊಸೈಟಿ ಕೊಂಡರೆ ನಡೆಯುತ್ತಾ?' ಅಂದರು.

ನಡೆಯುತ್ತೆ ಯಜಮಾನ್ರೇ, ಸರ್ಕಾರಕ್ಕಿಂತ ಚೆನ್ನಾಗಿ ನಡೆಯುತ್ತೆ ಅಂದೆ.

'ಹಂಗಾರೆ ಮುಂದಿನ ವಾರ ನಮ್ಮ ಸೊಸೈಟಿ ಮೀಟಿಂಗ್ ಇದೆ. ನಾನೇ ಎದ್ದು ನಿಂತು ಕೇಳ್ತೀನಿ. ಮಗಳು ಅಂತ ಹೇಳಲ್ಲ. ಮೊದ್ಲು ನನ್ ತೋಟದಲ್ಲೇ ಇಡ್ಲಿ, ಆಮೇಲೆ ಕೊಳ್ಳಿ ಅಂತೀನಿ.'